ಶಿಫ್ಟ್ ಒತ್ತಿದರೆ ಳ

ಹೊನ್ನಕ್ಕ ಬರೆದದ್ದು ದುಂಡಗೆ, ಪರದೆಯ ಮೇಲೆ ಬಿದ್ದದ್ದು ಮೊಟ್ಟೆ. ಮತ್ತೆ ಬರೆದರು, ಮತ್ತೆ ಮೊಟ್ಟೆ. ಪೆನ್ನನ್ನು ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟು, ಸೆರಗಿನಿಂದ ಬೆರಳು ಒರೆಸಿಕೊಂಡು ನನ್ನನ್ನು ನೋಡಿದರು.

"ನಮ್ಮನೆ ಠ ಹಿಂಗಿರಲ್ಲ ಕಣೇ ವನಜ. ನಮ್ಮತ್ತೆ ಬಳೆ ಇಟ್ಟು ಅಳತೆ ನೋಡೋರು. ಇದು ಕೋಳಿ ಇಟ್ಟಂಗಿದೆ."

"ನಿಮ್ಮ ಠ ಸರಿಯಾಗೇ ಇದೆ ಅಕ್ಕ. ಈ ಬರೆಯೋ ಹಲಗೆ, ಟ್ಯಾಬ್ಲೆಟ್ಟು, ಇದರ ಅಗಲ ಲ್ಯಾಪ್‌ಟಾಪಿನ ಪರದೆ ಅಗಲಕ್ಕೆ ಹೊಂದಿಲ್ಲ, ಅಷ್ಟೆ. ಒಂದ್ನಿಮಿಷ ಕೂತ್ಕೊಳಿ."

ಹೊಂದಾಣಿಕೆಯ ಕಿಟಕಿ ತೆರೆದು, ಟ್ಯಾಬ್ಲೆಟ್ಟಿನ ಉದ್ದಗಲ ಪರದೆಯ ಉದ್ದಗಲದ ಲೆಕ್ಕಕ್ಕೇ ಇರಲಿ ಎಂಬ ಕಡೆ ಗುರುತು ಹಾಕಿದೆ. ಟ್ಯಾಬ್ಲೆಟ್ಟಿನ ಕೆಳಗಿನ ಒಂದಷ್ಟು ಜಾಗ ಕೆಲಸಕ್ಕೆ ಬಾರದೆ ಹೋಯಿತು. ಅಲ್ಲಿಗೆ ಪೆನ್ನು ತಾಗಬಾರದೆಂದು ಬಿಳಿ ದಾರವನ್ನು ಅಂಟಿಸಿ ಗಡಿ ಮಾಡಿದೆ. ಹೊನ್ನಕ್ಕ ಉಸಿರು ಹಿಡಿದು ಒಂದು ಸುತ್ತು ತಂದರು, ನಡುವೆ ಚುಕ್ಕೆ ಇಟ್ಟರು. ಈ ಸಲ ಬಳೆಯೇ ಬಿತ್ತು. ಅವರು ಅದನ್ನು ತಲೆ ಓರೆ ಮಾಡಿ ನೋಡಿ, "ಹ್ಞೂಂ, ಇದು ನಮ್ದು" ಎಂದು ಎದ್ದು ಹೋದರು. ತಲೆಕಟ್ಟು ಹಾಕಲಿಲ್ಲ. ಹಾಕಬೇಕಾದವರು ಅವರಲ್ಲ.

ನಮ್ಮೂರಿನಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರ. ಆ ಮನೆಯವರು ಬರೆದರೆ ನಿಲ್ಲುತ್ತದೆ. ಬೇರೆಯವರು ಬರೆದರೆ ಶಾಯಿ ಆರುವ ಹೊತ್ತಿಗೆ ಕಾಗದ ಬೆಳ್ಳಗಾಗಿರುತ್ತದೆ. ಸ್ವರಗಳ ಮನೆಗಳಿಗೆ ಅವರವರ ಗುಣಿತದ ಗುರುತುಗಳೂ ಸೇರುತ್ತವೆ. ಸೊಸೆಯಾಗಿ ಬಂದವಳ ಕೈಗೆ ಗಂಡನ ಮನೆಯ ಅಕ್ಷರ ಬರುತ್ತದೆ, ಹುಟ್ಟಿದ ಮನೆಯದು ಹೋಗುತ್ತದೆ. ಹೊರಗಿನಿಂದ ಬರುವ ಬಸ್ಸಿನ ಬೋರ್ಡು ಸೇತುವೆ ದಾಟುತ್ತಲೇ ಖಾಲಿಯಾಗುವುದರಿಂದ ನಮ್ಮೂರ ಕಂಡಕ್ಟರುಗಳ ಗಂಟಲು ದೊಡ್ಡದು. ಮಕ್ಕಳಿಗೆ ಹೆಸರಿಡುವಾಗ ನಾವು ಬೀದಿ ನೋಡಿ ಇಡುತ್ತೇವೆ. ನಮ್ಮ ಎಡಕ್ಕೆ ವ ಮನೆ, ಎದುರಿಗೆ ನ ಮನೆ, ಮೂಲೆಯಲ್ಲಿ ಜ ಮನೆ, ಹಾಗಾಗಿ ನಾನು ವನಜ. ನನ್ನ ಶಾಲೆಯ ಸ್ಲೇಟಿನ ಮೇಲೆ ಹೆಸರು ಬರೆಸಲು ಅಪ್ಪ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋಗಿ ಬಂದಿದ್ದನಂತೆ.

ನಮ್ಮದು ತಲೆಕಟ್ಟಿನ ಮನೆ. ಕ, ಗ, ತ, ನ, ಮ, ಇಂಥವನ್ನೆಲ್ಲ ಅವರವರು ಬೋಳಾಗಿ ಬರೆದುಕೊಟ್ಟ ಮೇಲೆ ಕಾಗದ ನಮ್ಮ ಮನೆಗೆ ಬರುತ್ತದೆ, ನಾವು ತಲೆಯ ಮೇಲೆ ಆ ಪುಟ್ಟ ಗೆರೆ ಎಳೆಯುತ್ತೇವೆ. ಎಳೆಯುವುದು ನನ್ನ ಸೋದರತ್ತೆ ಕಮಲತ್ತೆ. ಮದುವೆಯಾಗದೆ ಈ ಮನೆಯಲ್ಲೇ ಉಳಿದವಳು. ಊರಿನ ಪ್ರತಿ ಬರಹವೂ ಕೊನೆಗೆ ಅವಳ ಮುಂದೆ ಬರುವುದರಿಂದ ಯಾರ ಮನೆಯಲ್ಲಿ ಯಾರ ಮೇಲೆ ಸಿಟ್ಟು, ಯಾರಿಗೆ ಯಾವ ಕಾಯಿಲೆ, ಯಾರ ಮದುವೆ ಯಾಕೆ ಮುರಿಯಿತು ಎಲ್ಲ ಅವಳಿಗೆ ಗೊತ್ತು. ಒಂದು ದಿನವೂ ಬಾಯಿಬಿಟ್ಟವಳಲ್ಲ.

ಆದರೆ ಬರೆಸಿದ್ದನ್ನು ಓದುವವಳು ಅವಳೊಬ್ಬಳೇ ಅಲ್ಲ. ಅಕ್ಷರ ಕೇಳಿಕೊಂಡು ಹೋದರೆ ಬಾಗಿಲಲ್ಲೇ "ಏನು ಬರೀತೀರಿ?" ಎಂದು ಕೇಳುವುದು ನಮ್ಮಲ್ಲಿ ಪದ್ಧತಿ. ಮನೆಗೆ ಬಂದವರಿಗೆ ನೀರು ಕೊಡುವಷ್ಟೇ ಸಹಜವಾಗಿ ಕೇಳುತ್ತಾರೆ. ಹೇಳಿದರೆ ಬರೆದುಕೊಡುತ್ತಾರೆ. ಹೀಗಾಗಿ ನಮ್ಮೂರಿನಲ್ಲಿ ಗುಟ್ಟಾಗಿ ಬರೆದ ಪತ್ರ ಎಂಬುದಿಲ್ಲ. ಪ್ರೇಮಪತ್ರವಾದರೆ ಅರ್ಧ ಊರು ಸೇರಿ ಬರೆದ ಪ್ರೇಮಪತ್ರ. ನನ್ನ ವಯಸ್ಸಿನವರು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಹೇಗೋ ದಾಟಿಕೊಂಡೆವು. ಇಂಗ್ಲಿಷ್ ನಮ್ಮೂರ ಯಾವ ಮನೆಯದೂ ಅಲ್ಲವಾದ್ದರಿಂದ ಅದಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ಕಮಲತ್ತೆಗೆ ಇಂಗ್ಲಿಷ್ ಬಾರದು.

ಒಂದು ಮಧ್ಯಾಹ್ನ ಅವಳು ಸಂತೆಯ ಹರಾಜು ಪ್ರಕಟಣೆಗೆ ತಲೆಕಟ್ಟು ಹಾಕುತ್ತಿದ್ದವಳು ತಲೆಯೆತ್ತದೆ ಕೇಳಿದಳು. "ವನೂ, ನಾನೊಂದು ಕಾಗದ ಬರೀಬೇಕು. ಯಾರೂ ಓದಬಾರದು. ನಿನ್ನ ಕಂಪ್ಯೂಟರಲ್ಲಿ ಆಗುತ್ತಾ?"

ಆಗುತ್ತದೆ ಎಂದೆ. ಹೇಗೆ ಎಂದು ಆಗ ನನಗೆ ಗೊತ್ತಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿದ್ದ ಕನ್ನಡ ಫಾಂಟುಗಳೆಲ್ಲ ನಮ್ಮೂರಿನಲ್ಲಿ ಖಾಲಿ ಚೌಕಗಳಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಆದರೂ ಆಗುತ್ತದೆ ಎಂದೆ. ಯಾಕೆಂದರೆ ಅವಳು ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ಊರಿಗೇ ಗೊತ್ತಿದೆ.

ಅತ್ತೆಗೆ ಇಪ್ಪತ್ತು ಚಿಲ್ಲರೆ ವಯಸ್ಸಿದ್ದಾಗ ಹೊಲಿಗೆ ಯಂತ್ರ ಮಾರಲು ಹೊರಗಿನಿಂದ ಒಬ್ಬ ಬಂದಿದ್ದ. ನಮ್ಮ ಮನೆಗೂ ಒಂದು ಮಾರಿದ, ಅದನ್ನು ತುಳಿಯುವುದು ಕಲಿಸುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಅವನು ಊರು ಬಿಡುವ ಹೊತ್ತಿಗೆ ಅತ್ತೆ ಒಂದು ಚೀಟಿ ಬರೆಸಲು ಹೊರಟಳು. ನಾಳೆ ಸಂಜೆ ಬರುತ್ತೇನೆ, ಕಾದಿರಿ. ಇಷ್ಟೇ. ಚಿಕ್ಕಮ್ಮನಿಗೆ ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಿ, ಕಾಗದ ಮಡಿಸಿ ಹಿಡಿದು, ಒಂದೊಂದು ಮನೆಗೆ ಒಂದೊಂದು ಜಾಗ ಮಾತ್ರ ತೋರಿಸುತ್ತ ಬರೆಸಿಕೊಂಡಳು. ಳ ಮನೆಯಲ್ಲಿ ಮಾತ್ರ ಹೊಸದಾಗಿ ಸೊಸೆಯಾಗಿ ಬಂದಿದ್ದ ಭಾಗೀರಥಮ್ಮ ಪೆನ್ನು ಹಿಡಿದವರು ಕೇಳಿದರು. "ಯಾವ ನಾಳೆ? ಮಡಿಕೆ ಬಿಚ್ಚಿ, ಪೂರ್ತಿ ನೋಡ್ತೀನಿ." ಅತ್ತೆ ಬಿಚ್ಚಲಿಲ್ಲ. ವಾಪಸು ಬರುವ ದಾರಿಯಲ್ಲಿ ಲ ಮನೆಯ ಗೆಳತಿ ಸಿಕ್ಕಳು. ಅವಳು ಏನನ್ನೂ ಕೇಳದೆ ಒಂದು ಲ ಬರೆದುಕೊಟ್ಟಳು. ಳ ಬದಲು ಲ ಇದ್ದರೇನು, ಬುದ್ಧಿಯಿರುವವನು ಅರ್ಥ ಮಾಡಿಕೊಳ್ಳುತ್ತಾನೆ ಎಂದುಕೊಂಡರು ಇಬ್ಬರೂ.

ಅವನು ಅರ್ಥ ಮಾಡಿಕೊಂಡ. ನಾಲೆ, ಸಂಜೆ ಬರುತ್ತೇನೆ, ಕಾದಿರಿ. ಅವತ್ತೇ ಸಂಜೆ ಊರಾಚೆಯ ನಾಲೆಯ ಏರಿಯ ಮೇಲೆ ಹೋಗಿ ನಿಂತ. ಕತ್ತಲಾಗುವವರೆಗೆ ಕಾದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, "ನಾಲೆ ಹತ್ರ ಬರ್ತೀನಿ ಅಂದೋರು ಬರಲೇ ಇಲ್ಲ ಸ್ವಾಮಿ" ಎಂದು ಹೋಟೆಲಿನವನಿಗೆ ಚೀಟಿ ತೋರಿಸಿ, ಕೊನೆಯ ಬಸ್ಸು ಹತ್ತಿದ. ಮರುದಿನ ಸಂಜೆ ಅತ್ತೆ ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಳು.

ಅಂದಿನಿಂದ ನಮ್ಮೂರಿನಲ್ಲಿ ಆ ನಾಲೆಯನ್ನು ಯಾರೂ ನಾಲೆ ಎನ್ನುವುದಿಲ್ಲ, ನಾಳೆ ಎನ್ನುತ್ತಾರೆ. "ನಾಳೆಗೆ ಹೋಗಿ ಬಟ್ಟೆ ಒಗ್ಕೊಂಡು ಬಂದೆ." "ನಾಳೆ ದಾಟಿ ಎಡಕ್ಕೆ ತಿರುಗಿದ್ರೆ ಅವರ ಹೊಲ." ಮೊದಮೊದಲು ಚುಚ್ಚುಮಾತಾಗಿತ್ತು, ಆಮೇಲೆ ಹೆಸರೇ ಆಯಿತು. ಚಿಕ್ಕವಳಾಗಿದ್ದಾಗ ನಾನೂ ಅತ್ತೆಯ ಮುಂದೆಯೇ ನಾಳೆಯಲ್ಲಿ ಈಜಿ ಬಂದೆ ಎನ್ನುತ್ತಿದ್ದೆ. ಅವಳು ನನ್ನ ತಲೆ ಒರೆಸುತ್ತಿದ್ದಳು.

ಟ್ಯಾಬ್ಲೆಟ್ ತರಿಸಿದ್ದು ಅದಕ್ಕೇ. ಹೊರಗಿನ ಫಾಂಟು ನಿಲ್ಲದಿದ್ದರೆ ನಮ್ಮೂರಿನದೇ ಫಾಂಟು ಮಾಡಿದರಾಯಿತು. ಪ್ರತಿ ಮನೆಯವರೂ ತಮ್ಮ ಕೈಯಿಂದ ತಮ್ಮ ಅಕ್ಷರವನ್ನು ಟ್ಯಾಬ್ಲೆಟ್ಟಿನ ಮೇಲೆ ಒಂದೇ ಒಂದು ಸಲ ಬರೆಯಲಿ. ಅದನ್ನು ಫಾಂಟು ತಯಾರಿಸುವ ತಂತ್ರಾಂಶದ ಅದರದರ ಚೌಕದಲ್ಲಿ ಕೂರಿಸುತ್ತೇನೆ. ಆಮೇಲೆ ಕೀಲಿ ಒತ್ತುವವರು ಯಾರಾದರೇನು, ಬರೆದ ಕೈ ಆ ಮನೆಯದೇ.

ನಮ್ಮ ಮನೆಯ ಹೊಲಿಗೆ ಯಂತ್ರದ ತಲೆಯನ್ನು ಒಳಕ್ಕೆ ಮಡಚಿ, ಮೇಲೆ ಟ್ಯಾಬ್ಲೆಟ್ ಇಟ್ಟೆ. ಅದೇ ಯಂತ್ರ. ಎತ್ತರ ಸರಿಯಾಗಿತ್ತು, ಬರೆಯುವಾಗ ಕಾಲು ತಾನಾಗಿ ತುಳಿಯಲು ಹೋಗುತ್ತಿತ್ತು, ಅದೊಂದೇ ತೊಂದರೆ.

ಙ ಮನೆಯ ಶೇಷಪ್ಪನವರು ಮೊದಲ ದಿನವೇ ಬಂದರು. "ಟ್ಯಾಬ್ಲೆಟ್ ಬಂದಿದೆಯಂತಲ್ಲಮ್ಮ. ಊಟಕ್ಕೆ ಮುಂಚೆಯೋ, ಆದ ಮೇಲೋ?" ಎಂದು ತಮ್ಮ ಮಾತಿಗೆ ತಾವೇ ನಕ್ಕು, ತಾವೇ ತಂದಿದ್ದ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಅವರ ಅಕ್ಷರವನ್ನು ಕೇಳಿಕೊಂಡು ಅವರ ಬಾಗಿಲಿಗೆ ಯಾರೂ ಬಂದದ್ದಿಲ್ಲ. ಅವರ ತಾತನ ಕಾಲದಲ್ಲಿ ಒಬ್ಬರು ವಾಙ್ಮಯ ಎಂದು ಬರೆಸಿಕೊಂಡು ಹೋಗಿದ್ದರಂತೆ. ಆ ಲೋಟ ಇನ್ನೂ ಇದೆ ಎನ್ನುತ್ತಿದ್ದರು, ಅವತ್ತು ಬಂದವರಿಗೆ ಕಾಫಿ ಕೊಟ್ಟ ಲೋಟ.

"ನನಗೂ ಒಂದು ಕೀಲಿ ಉಂಟಾ?"

"ಉಂಟು."

"ಸುಮ್ನೆ ಹೇಳ್ಬೇಡ."

"ಎಲ್ರಿಗೂ ಇರೋ ಹಾಗೆ ನಿಮಗೂ ಒಂದು ಚೌಕ, ಒಂದು ಕೀಲಿ. ಕೂತ್ಕೊಂಡು ಬರೀರಿ."

ಶೇಷಪ್ಪನವರು ಬರೆದರು. ಕೈ ಹಗುರ, ಪೆನ್ನು ತಾಗಿದ್ದು ಟ್ಯಾಬ್ಲೆಟ್ಟಿಗೆ ಗೊತ್ತೇ ಆಗಲಿಲ್ಲ. ಒತ್ತಡದ ಹೊಂದಾಣಿಕೆಯನ್ನು ಮೆತ್ತಗೆ ಮಾಡಿದೆ. ಆಮೇಲೆ ಗೆರೆ ಬಂತು. ನ ಮನೆಯ ಬಸವಂತಣ್ಣನಿಗೆ ಇದರ ತದ್ವಿರುದ್ಧ ಮಾಡಬೇಕಾಯಿತು. ಊರಿನಲ್ಲಿ ಯಾರು ಏನು ಬರೆಸಿದರೂ ನ ಬೇಕು. ಬರೆದೂ ಬರೆದೂ ಆತನ ಕೈ ನೇಗಿಲಿನಂತಾಗಿತ್ತು. "ಏನು ಬರೀತೀಯ ಅಂತ ಕೇಳ್ಬೇಕಲ್ವಾ ಅಣ್ಣ?" ಎಂದರೆ, "ಏನಾದ್ರೂ ಬರ್ಕೋ ತಾಯಿ, ನನ್ನ ಹೆಬ್ಬೆರಳಿಗೆ ರಜಾ ಸಿಕ್ರೆ ಸಾಕು" ಎಂದ. ಹೆಚ್ಚುಕಡಿಮೆ ಎಲ್ಲರೂ ಹಾಗೇ ಅಂದರು.

ಪೆನ್ನಿನ ಗೆರೆ ಚೌಕಕ್ಕೆ ಬಂದು ಕೂತಾಗ ಅದರ ಅಂಚಿನ ತುಂಬ ಸಾಸಿವೆ ಚೆಲ್ಲಿದಂತೆ ಬಿಂದುಗಳು. ಅಷ್ಟು ಬಿಂದುಗಳಿದ್ದರೆ ಅಕ್ಷರ ತರಿತರಿಯಾಗಿ ಕಾಣುತ್ತದೆ. ತಿರುವಿನಲ್ಲಿ ಒಂದು, ತುದಿಯಲ್ಲಿ ಒಂದು ಬಿಟ್ಟು ಮಿಕ್ಕದ್ದನ್ನು ಅಳಿಸಿದೆ. ಅಳಿಸುವಾಗ ಒಂದು ಭಯವಿತ್ತು. ಎಷ್ಟು ಅಳಿಸಿದರೆ ಅದು ಅವರ ಕೈಯಲ್ಲದೆ ನನ್ನ ಕೈಯಾಗುತ್ತದೆ? ಶೇಷಪ್ಪನವರ ಙ ಮೇಲೆ ಪರೀಕ್ಷೆ ಮಾಡಿದೆ. ಅದೊಂದೇ ಅಕ್ಷರವಿದ್ದ ಫಾಂಟು ತಯಾರಿಸಿ, ನಾನೇ ಕೀಲಿ ಒತ್ತಿದೆ. ಙ ಬಂತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ಙ. ಪುಟ ತುಂಬಿಸಿ ಮುದ್ರಿಸಿ ಬಿಸಿಲಿಗೆ ಹಿಡಿದೆ. ಶಾಯಿ ಆರಿತು. ಅಕ್ಷರ ಹೋಗಲಿಲ್ಲ.

ಶೇಷಪ್ಪನವರು ಆ ಪುಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು. ಮರುದಿನ ಅದು ಅವರ ಮನೆಯ ಬಾಗಿಲಿನ ಮೇಲಿತ್ತು. ಕಂಡವರೆಲ್ಲ, "ಇಷ್ಟೊಂದನ್ನ ಯಾರಿಗೆ ಮಾರ್ತೀರಿ?" ಎಂದು ತಮಾಷೆ ಮಾಡಿದರು. "ಬೇಕಾದವರು ಬರ್ತಾರೆ, ನಿಂಗೇನು" ಎನ್ನುತ್ತಿದ್ದರು ಶೇಷಪ್ಪನವರು.

ತಲೆಕಟ್ಟು ಹಾಕಲು ಅತ್ತೆಯನ್ನು ಕರೆದಾಗ ಅವಳು ಕೈತೊಳೆದು ಬಂದು ಕೂತಳು. "ಯಾವ್ಯಾವ ಅಕ್ಷರಕ್ಕೆ?" ಎಂದಳು.

"ಯಾವುದಕ್ಕೂ ಬೇಡ. ಖಾಲಿ ಚೌಕದಲ್ಲಿ ಒಂದೇ ಒಂದು ಎಳಿ. ಅದನ್ನೇ ಎಲ್ಲದಕ್ಕೂ ಕೊಂಡಿ ಹಾಕ್ತೀನಿ."

"ಒಂದೇ?"

"ಒಂದೇ."

ಅವಳು ಎಳೆದಳು. ಮುಂಗೈ ಎತ್ತದೆ, ಎಡದಿಂದ ಬಲಕ್ಕೆ, ತುದಿಯಲ್ಲಿ ಮೇಲಕ್ಕೊಂದು ಕೊಂಕು. ನಾನು ಮೊದಲೇ ಪ್ರತಿ ಅಕ್ಷರದ ನೆತ್ತಿಯಲ್ಲೂ ಒಂದು ಗೂಟ ನೆಟ್ಟಿದ್ದೆ. ಗುಂಡಿ ಒತ್ತಿದ ಕೂಡಲೇ ಬೋಳಾಗಿದ್ದ ಕ, ಗ, ಠ, ತ, ಮ ಎಲ್ಲದರ ತಲೆಯ ಮೇಲೂ ಅದೇ ಗೆರೆ ಒಟ್ಟಿಗೆ ಮೂಡಿತು. ಅತ್ತೆ ಪರದೆಯ ಹತ್ತಿರ ಬಗ್ಗಿ ಒಂದೊಂದನ್ನೂ ನೋಡಿದಳು. ಅಳುತ್ತಾಳೇನೋ ಎಂದುಕೊಂಡೆ. ಅವಳು ಅಂದದ್ದು ಬೇರೆ.

"ಇದೊಂದು ಮುಂಚೆ ಗೊತ್ತಿದ್ರೆ ಆ ಸೊಸೈಟಿಯವರ ವಾರ್ಷಿಕ ವರದಿಗೆಲ್ಲ ಕಣ್ಣು ಹಾಳು ಮಾಡ್ಕೊತಿರ್ಲಿಲ್ಲ."

ಕೊನೆಗೆ ಒಂದೇ ಚೌಕ ಖಾಲಿ ಉಳಿಯಿತು. ಯಾವುದೆಂದು ಹೇಳಬೇಕಾಗಿಲ್ಲ.

ಭಾಗೀರಥಮ್ಮ ನಮ್ಮ ಮನೆಗೆ ಬರುವವರಲ್ಲ. ಲ್ಯಾಪ್‌ಟಾಪು ಟ್ಯಾಬ್ಲೆಟ್ಟು ಎರಡನ್ನೂ ಚೀಲಕ್ಕೆ ಹಾಕಿಕೊಂಡು ನಾನೇ ಹೋದೆ. ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೂರಲು ಹೇಳಿದರು, ನೀರು ತಂದಿಟ್ಟರು, ಆಮೇಲೆ ಕೇಳಿದರು.

"ಏನು ಬರೀತೀಯ?"

"ಇಂಥದ್ದು ಅಂತ ಇಲ್ಲ. ಅಕ್ಷರ ಒಂದು ಬೇಕು."

"ಏನೂ ಬರೀದೆ ಇದ್ರೆ ಅಕ್ಷರ ಯಾಕೆ?"

"ಬರೀತೀವಿ. ಏನು ಅಂತ ಹೇಳೋಕಾಗಲ್ಲ."

"ಹೇಳ್ದೆ ಕೊಡೋಕಾಗಲ್ಲ." ಒಂದು ಕಾಯಿ ಸುಲಿದು ಕಾಳು ಉದುರಿಸಿದರು. "ಕಮಲಂಗಾ?"

ಸುಳ್ಳು ಹೇಳಬಹುದಿತ್ತು. "ಹೌದು" ಎಂದೆ.

"ಅವಳೇ ಬರ್ಬೇಕಿತ್ತು."

"ಬಂದ್ರೆ ನೀವು ಏನು ಅಂತ ಕೇಳ್ತೀರಿ."

"ಕೇಳ್ದೆ ಇರ್ತೀನಾ. ಅದು ಪದ್ಧತಿ. ನಾನು ಬರೆಸಿದ್ದೆಲ್ಲ ಅವಳೂ ನೋಡಿದಾಳಲ್ಲ, ನನ್ನ ಗಂಡನ ಆಸ್ಪತ್ರೆ ಕಾಗದದಿಂದ ಹಿಡಿದು."

"ನೋಡಿದ್ದನ್ನ ಅತ್ತೆ ಯಾರಿಗಾದ್ರೂ ಹೇಳಿದ್ದಾಳಾ?"

ಅವರು ಇನ್ನೊಂದು ಕಾಯಿ ಎತ್ತಿಕೊಂಡರು. ನಾನು ಇನ್ನೊಂದು ಕೇಳಿದೆ. "ಭಾಗೀರಥಮ್ಮ, ಯಾರೂ ಓದದೆ ಇರೋ ಅಂಥದ್ದು ನೀವು ಯಾವತ್ತಾದ್ರೂ ಬರೆಸಿದ್ದೀರಾ?"

"ಅಂಥದ್ದನ್ನ ಬರೆಸೋಕಾಗುತ್ತಾ?"

"ಬರೆಸ್ಬೇಕು ಅನ್ನಿಸಿದ್ದು?"

ಅವರೆಯ ಸಿಪ್ಪೆ ಕೈಯಲ್ಲೇ ಉಳಿಯಿತು. ಬೀದಿಯಲ್ಲಿ ಯಾರೋ ನಾಳೆಯಲ್ಲಿ ನೀರು ಬಿಟ್ಟಿದ್ದಾರೆಂದು ಕೂಗಿ ಹೇಳಿಕೊಂಡು ಹೋದರು. ಭಾಗೀರಥಮ್ಮ ಸಿಪ್ಪೆ ಬಿಸಾಕಿ, ಕೈ ಒರೆಸಿಕೊಂಡು, "ತಾ ಅದನ್ನ" ಎಂದರು.

ಪೆನ್ನನ್ನು ಎಡಗೈಯಲ್ಲಿ ಹಿಡಿದರು. ಮೆಲ್ಲಗೆ, ಅಂಕು ಡೊಂಕು ಸರಿಯಾಗಿ ತಂದು ಳ ಮುಗಿಸಿದರು. ಮುಗಿಸುತ್ತಿದ್ದಂತೆ ಅದು ಪರದೆಯಿಂದ ಮಾಯವಾಯಿತು. ಇನ್ನೊಮ್ಮೆ ಬರೆದರು. ನಿಂತಿತು ಎನ್ನುವಷ್ಟರಲ್ಲಿ ಅದೂ ಹೋಯಿತು.

"ನೋಡಿದ್ಯಾ" ಎಂದರು ಭಾಗೀರಥಮ್ಮ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ಹೇಳ್ದೆ ಬರೆದ್ರೆ ನಿಲ್ಲಲ್ಲ."

ನನ್ನ ಮನೆಯದಲ್ಲದ ಅಕ್ಷರ ಬರೆದು ಅದು ಅಳಿಸಿಹೋಗುವುದನ್ನು ನಾನು ನೂರಾರು ಸಲ ನೋಡಿದ್ದೇನೆ. ಅದು ಅಂಚಿನಿಂದ ಒಳಕ್ಕೆ ಒಣಗುತ್ತ ಹೋಗುತ್ತದೆ. ಇದು ಹಾಗೆ ಹೋಗಲಿಲ್ಲ, ದೀಪ ಆರಿಸಿದ ಹಾಗೆ ಒಮ್ಮೆಗೇ ಹೋಯಿತು. ಆದರೂ ಒಂದು ಕ್ಷಣ ನನಗೆ ಹೆದರಿಕೆಯಾಯಿತು. ಪದ್ಧತಿಯೂ ನಿಯಮದ ಒಳಗೇ ಸೇರಿದ್ದರೆ? ಹಾಗಿದ್ದರೆ ಅತ್ತೆ ಎಂದಿಗೂ ಬರೆಯಲಾರಳು.

"ಇನ್ನೊಂದ್ಸಲ ಬರೀರಿ" ಎಂದೆ. ಈ ಸಲ ಪರದೆ ನೋಡಲಿಲ್ಲ, ಅವರ ಕೈ ನೋಡಿದೆ. ಟ್ಯಾಬ್ಲೆಟ್ಟಿನ ಎಡ ಅಂಚಿನಲ್ಲಿ ಗುಂಡಿಗಳ ಸಾಲಿದೆ. ಬಲಗೈಯವರಿಗೆ ಅದು ದೂರ. ಭಾಗೀರಥಮ್ಮನ ಎಡ ಅಂಗೈ ಅಕ್ಷರ ಮುಗಿಯುವ ಹೊತ್ತಿಗೆ ಸರಿಯಾಗಿ ಮೇಲಿನ ಗುಂಡಿಯ ಮೇಲೆ ಇಳಿಯುತ್ತಿತ್ತು. ಆ ಗುಂಡಿಗೆ ನಾನೇ ಕೊಟ್ಟಿದ್ದ ಕೆಲಸ, ಈಗ ಬರೆದದ್ದನ್ನು ರದ್ದು ಮಾಡು.

ನನಗೆ ನಗು ತಡೆಯಲಾಗಲಿಲ್ಲ. "ಅಳಿಸ್ತಿರೋದು ನೀವೇ" ಎಂದು ತೋರಿಸಿದೆ. ಟ್ಯಾಬ್ಲೆಟ್ಟನ್ನು ತಿರುಗಿಸಿ ಗುಂಡಿಗಳು ಬಲಕ್ಕೆ ಬರುವಂತೆ ಇಟ್ಟು, ಹೊಂದಾಣಿಕೆಯಲ್ಲಿ ಎಡಗೈ ಎಂದು ಗುರುತು ಹಾಕಿದೆ. ಅದನ್ನು ಹಾಕದಿದ್ದರೆ ಬರೆದದ್ದು ತಲೆಕೆಳಗಾಗಿ ಬೀಳುತ್ತದೆ. ಅವರು ಮತ್ತೆ ಬರೆದರು. ಕೈ ತೆಗೆದರು. ಇಬ್ಬರೂ ಕಾದೆವು. ಒಳಗಿನಿಂದ ಕುಕ್ಕರ್ ಕೂಗಿತು, ಅವರು ಏಳಲಿಲ್ಲ.

ಳ ಅಲ್ಲೇ ಇತ್ತು. ಕೊಂಡಿ ಹಾಕಿದೆ, ಅತ್ತೆಯ ತಲೆಕಟ್ಟು ಅದರ ನೆತ್ತಿಗೆ ಬಂದು ಕೂತಿತು.

"ಇದು ಕಮಲನ ಕೈ" ಎಂದರು ಭಾಗೀರಥಮ್ಮ, ಆ ಗೆರೆಗೆ ಬೆರಳು ತೋರಿಸಿ. ನಾನು ಚೀಲ ತುಂಬಿಕೊಂಡು ಮೆಟ್ಟಿಲಿಳಿದ ಮೇಲೆ ಹಿಂದಿನಿಂದ ಕರೆದರು. "ವನಜಾ, ಈ ಸಲ ಯಾವ ನಾಳೆ ಅಂತ ನಾನು ಕೇಳಲಿಲ್ಲ ಅಂತ ಹೇಳು ಅವಳಿಗೆ." ಸ್ವಲ್ಪ ತಡೆದು, "ಅವಳದ್ದಾದ ಮೇಲೆ ಆ ಪೆಟ್ಟಿಗೆ ಒಂದಿನ ಇಲ್ಲಿಗೂ ತಗೊಂಡು ಬಾ" ಎಂದರು.

ಅತ್ತೆಗೆ ಹೇಳಿದೆ. ಅವಳು "ಹ್ಞೂಂ" ಎಂದಳು, ಅಷ್ಟೆ. ಊಟದ ನಂತರ ಹೊಲಿಗೆ ಯಂತ್ರದ ಮುಂದೆ ಕೂರಿಸಿ ಕೀಲಿಗಳನ್ನು ತೋರಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಅವಳು ಆಕಾರದಿಂದಲೇ ಗುರುತು ಹಿಡಿದುಕೊಂಡಳು. ಇದು ಏಣಿ, ಇದು ಕೊಡಲಿ, ಇದು ಹಾವು.

"ಈ ಬಡಗಿ ಮೂಲೆಮಟ್ಟದ ಹಾಗಿರೋದು ಒತ್ತಿದ್ರೆ ಲ" ಎಂದೆ. "ಇನ್ನೊಂದು ಕೈಯಲ್ಲಿ ಈ ಶಿಫ್ಟ್ ಹಿಡ್ಕೊಂಡು ಅದನ್ನೇ ಒತ್ತಿದ್ರೆ ಳ."

"ಎರಡಕ್ಕೂ ಒಂದೇ ಕೀಲಿಯಾ?"

"ಒಂದೇ."

"ಇಷ್ಟು ಹತ್ರ ಇಟ್ಟಿದಾರಾ" ಎಂದು ಅತ್ತೆ ಆ ಕೀಲಿಯನ್ನು ಒತ್ತದೆ ಬೆರಳಲ್ಲಿ ಸವರಿದಳು. ಆಮೇಲೆ ಒಂದು ಲ ಒತ್ತಿದಳು, ಒಂದು ಳ ಒತ್ತಿದಳು. ಎರಡನ್ನೂ ಅಳಿಸಿದಳು. "ಸರಿ, ನೀನು ಆಚೆ ಇರು."

ನಡುಮನೆಯಲ್ಲಿ ಕೂತೆ. ಒಂದೊಂದೇ ಕೀಲಿಯ ಸದ್ದು ಬರುತ್ತಿತ್ತು, ನಡುನಡುವೆ ಪಾದಕ್ಕೆ ಸಿಕ್ಕಿದ ಯಂತ್ರದ ತುಳಿಹಲಗೆ ಕಿರ್ ಎನ್ನುತ್ತಿತ್ತು. ಯಾರಿಗೆ ಬರೆಯುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅವನು ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ, ಅವನಿಗೇ ಬರೆಯುತ್ತಿದ್ದಾಳೋ ಅಥವಾ ಲ ಮನೆಯ ಗೆಳತಿಗೋ, ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ನಮ್ಮೂರಿನಲ್ಲಿ ಹೊಸ ಅನುಭವ. ನಾನು ಮಾಡಿದ ಫಾಂಟಿನಿಂದ ಬಂದದ್ದೆಂದು ಹೆಮ್ಮೆಯಾಯಿತು, ಅದರ ಜೊತೆಗೇ ಕುತೂಹಲದಿಂದ ಅಂಗೈ ತುರಿಸುತ್ತಿತ್ತು.

ಬಿಸಿಲು ಹೊಸ್ತಿಲಿಂದ ಗೋಡೆಗೆ ಹತ್ತಿದ ಮೇಲೆ ಸದ್ದು ನಿಂತಿತು. ಬಾಗಿಲ ಬಳಿ ಹೋಗಿ ನಿಂತೆ. ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅತ್ತೆ, ಮುದ್ರಿಸೋಕೆ ಮುಂಚೆ ಒಂದ್ಸಲ ನೋಡಿಕೊಡ್ಲಾ? ಬೇರೇನೂ ಓದಲ್ಲ. ಲ ಇರೋ ಕಡೆ ಲ, ಳ ಇರೋ ಕಡೆ ಳ ಬಿದ್ದಿದೆಯಾ ಅಂತ, ಆ ಎರಡು ಅಕ್ಷರ ಮಾತ್ರ."

ಅವಳು ಲ್ಯಾಪ್‌ಟಾಪಿನ ಮುಚ್ಚಳವನ್ನು ನನಗೆ ಕಾಣದಂತೆ ಅರ್ಧ ಬಾಗಿಸಿ, ಅದರ ಮೇಲೆ ಅಂಗೈ ಇಟ್ಟಳು.

"ಬೇಡ" ಎಂದಳು.